ಮಗುವಿನ ಕೈಗೆ ಪೆನ್ಸಿಲ್ ಬಿಟ್ಟುಕೊಡಿ

ನ್ಯೂಯಾರ್ಕ್ ನಗರದಲ್ಲಿ ನೆಲೆಸಿರುವ ಕನ್ನಡದ ಅಪ್ಪ-ಅಮ್ಮಂದಿರೇ, ಎಂಟನೇ ತರಗತಿಯ ನಿಮ್ಮ ಮಗ ಅಥವಾ ಮಗಳು ಲಗ್ವಾರ್ಡಿಯಾ ಹೈಸ್ಕೂಲಿನ ಹೆಸರೆತ್ತಿದರೆ ಗಾಬರಿಯಾಗಬೇಡಿ. ಮೇಯರ್ ಲಗ್ವಾರ್ಡಿಯಾ 1936ರಲ್ಲಿ ಆರಂಭಿಸಿದ ಸಂಗೀತ-ಚಿತ್ರಕಲಾ ಶಾಲೆ ಮುಂದೆ ರಂಗಕಲೆಗಳ ಶಾಲೆಯೊಂದಿಗೆ ಕೂಡಿಕೊಂಡಿತು. ಹೀಗೆ ಕೂಡಿದ ಶಾಲೆಯೇ ಇಂದಿನ ಲಗ್ವಾರ್ಡಿಯಾ; 1984ರಿಂದ ಅದು ಲಿಂಕನ್ ಸೆಂಟರ್ ಪಕ್ಕದ ಒಂದೇ ಕಟ್ಟಡದಲ್ಲಿದೆ. ಸರ್ಕಾರಿ ಶಾಲೆ, ಶುಲ್ಕವಿಲ್ಲ. ಗಣಿತ, ವಿಜ್ಞಾನದಿಂದ ವಿನಾಯಿತಿಯೂ ಇಲ್ಲ. ಪಾಠಗಳ ಜೊತೆಗೇ ದಿನವೂ ಕಲೆಯ ಅಭ್ಯಾಸ ನಡೆಯುತ್ತದೆ.

ಪ್ರವೇಶಕ್ಕೆ ಆಡಿಷನ್ ಉಂಟು. ಅಂಕಪಟ್ಟಿಯನ್ನೂ ನೋಡುತ್ತಾರೆ. ಚಿತ್ರಕಲೆಗೆ ಅರ್ಜಿ ಹಾಕುವುದಾದರೆ ಮೊಬೈಲಿನ ಫೋಟೊ ನೋಡಿ ಬರೆದದ್ದನ್ನು ಬದಿಗಿಡಿ. ಅಡುಗೆಮನೆಯ ಸ್ಟೀಲ್ ಲೋಟವನ್ನು ಕಿಟಕಿಯ ಬಳಿ ಇಟ್ಟು, ಮಗು ಅದನ್ನು ನೋಡಿ ಬರೆಯಲಿ: ಅಂಚಿನಲ್ಲಿ ಬಾಗುವ ಬೆಳಕು, ಹೊಟ್ಟೆಯಲ್ಲಿ ಸೊಟ್ಟಗೆ ಕಾಣುವ ಕಿಟಕಿಯ ಸರಳು, ಬುಡದ ನೆರಳು. ತಪ್ಪಾದರೆ ಇನ್ನೊಮ್ಮೆ. ದಯವಿಟ್ಟು ನೀವು ತಿದ್ದಬೇಡಿ, ಟ್ಯೂಷನ್ ಮೇಷ್ಟ್ರ ಕೈಲೂ ತಿದ್ದಿಸಬೇಡಿ. ಆ ಹಾಳೆಯಲ್ಲಿ ಮಗುವಿನ ಕಣ್ಣೇ ಕಾಣಬೇಕು.

ಮನೆಯಿಂದ ಶಾಲೆಗೆ ಸಬ್‌ವೇಯಲ್ಲಿ ಎಷ್ಟು ಹೊತ್ತೆಂದು ಬೆಳಗಿನ ಜನಜಂಗುಳಿಯಲ್ಲೇ ಹೋಗಿ ನೋಡಿ. ತಾಲೀಮು ಮುಗಿಸಿ, ದಣಿದು, ಹೋಂವರ್ಕ್ ಹೊತ್ತು ಬರಬೇಕಾದ್ದು ಅದೇ ದಾರಿಯಲ್ಲಿ.

ಬೇರೆ ಶಾಲೆಗಳನ್ನೂ ಅರ್ಜಿಯಲ್ಲಿ ಮನಸ್ಸಿಟ್ಟು ಸೇರಿಸಿ. ಸೀಟು ಸಿಗದಿದ್ದರೆ ‘ಅವರ ಮಗಳಿಗೆ ಸಿಕ್ಕಿತಂತೆ’ ಎಂಬ ಮಾತು ಮನೆಯಲ್ಲಿ ಬೇಡ. ಸಿಕ್ಕರೆ, ಮೊದಲ ವರ್ಷವೇ ಕಾಲೇಜಿನ ಲೆಕ್ಕಾಚಾರ ಶುರುಮಾಡದೆ, ಕರೆದಾಗಲೆಲ್ಲ ಮಗುವಿನ ಪ್ರದರ್ಶನಕ್ಕೆ ಹೋಗಿ ಕುಳಿತುಕೊಳ್ಳಿ.