ಎಂಜಿನ್ನಿನೊಳಗೆ ಉಳಿಯುವ ನೀರು

ನನ್ನ ಬಳಿ ಇರುವುದು 1990ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಮಡಚಿಡುವ ಬಟ್ಟೆಯ ಮೇಲ್ಛಾವಣಿ, 1.6 ಲೀಟರಿನ ಎಂಜಿನ್. 1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೊ ಶೋನಲ್ಲಿ ಮೊದಲು ಕಾಣಿಸಿಕೊಂಡ ಈ ಮಾದರಿಯ ಕಾರುಗಳು ತಯಾರಾದದ್ದು ಜಪಾನಿನ ಹಿರೋಶಿಮಾದಲ್ಲಿ. ನನ್ನದು ಈಗ ಮಿಷಿಗನ್‌ನಲ್ಲಿದೆ. ಚಳಿಗಾಲವಿಡೀ ಹೀಟರಿಲ್ಲದ ಗ್ಯಾರೇಜಿನಲ್ಲಿ ನಿಂತು, ಏಪ್ರಿಲ್ ಕಳೆದ ಮೇಲೆ ರಸ್ತೆಗಿಳಿಯುತ್ತದೆ. ಇಂಥ ಕಾರಿನ ಕೂಲಿಂಗ್ ವ್ಯವಸ್ಥೆಯನ್ನು ತೊಳೆದು ಹೊಸ ಕೂಲಂಟ್ ತುಂಬಿಸುವುದು ಕಷ್ಟದ ಕೆಲಸವಲ್ಲ. ಆದರೆ ಅದರ ಲೆಕ್ಕ ತಪ್ಪಿದರೆ ಎಂಜಿನ್ನೇ ಹೋಗಬಹುದು.

ಈ ಕಾರಿನ ಕೂಲಿಂಗ್ ವ್ಯವಸ್ಥೆಗೆ ಹಿಡಿಯುವುದು ಸುಮಾರು 6 ಲೀಟರ್. ರೇಡಿಯೇಟರಿನ ತಳದಿಂದ ಬಿಟ್ಟರೆ ಹೆಚ್ಚೂಕಡಿಮೆ ಅರ್ಧ ಹೊರಬರುತ್ತದೆ. ಉಳಿದರ್ಧ ಎಂಜಿನ್ ಬ್ಲಾಕ್‌ನಲ್ಲಿ, ಹೀಟರಿನ ಕೊಳವೆಗಳಲ್ಲಿ ಹಾಗೇ ಕೂತಿರುತ್ತದೆ. ಬ್ಲಾಕ್‌ಗೂ ಒಂದು ಡ್ರೇನ್ ಬೋಲ್ಟ್ ಇದೆ, ನಿಜ. ಮೂರು ದಶಕ ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟನ್ನು ಬಲವಂತವಾಗಿ ತಿರುಗಿಸಿ ತಲೆ ಮುರಿದುಕೊಳ್ಳುವ ಧೈರ್ಯ ನಾನು ಮಾಡುವುದಿಲ್ಲ. ಅದರ ಬದಲು ಹಳೆಯದನ್ನು ಬಿಟ್ಟು ಡಿಸ್ಟಿಲ್ಡ್ ವಾಟರ್ ತುಂಬಿಸಿ, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ, ಪೂರ್ತಿ ತಣಿದ ಮೇಲೆ ಮತ್ತೆ ಬಿಡುತ್ತೇನೆ. ಮೊದಲ ಸಲ ಬಿಟ್ಟು ನೀರು ತುಂಬಿಸಿದಾಗ ಹಳೆಯ ಕೂಲಂಟ್ ಅರ್ಧಕ್ಕಿಳಿಯುತ್ತದೆ, ಮುಂದಿನ ಸಲ ಕಾಲಿಗೆ, ಆಮೇಲೆ ಅರೆಕಾಲಿಗೆ, ನಾಲ್ಕನೆಯ ಸಲಕ್ಕೆ ಹದಿನಾರನೆಯ ಒಂದು ಭಾಗಕ್ಕೆ. ಥರ್ಮೋಸ್ಟಾಟ್ ತೆರೆಯುವ ಮೊದಲೇ ಅವಸರದಿಂದ ನೀರು ಬಿಟ್ಟರೆ ಈ ಲೆಕ್ಕ ನಿಲ್ಲುವುದಿಲ್ಲ. ಬ್ಲಾಕ್‌ನ ನೀರು ರೇಡಿಯೇಟರಿನ ನೀರಿನ ಜೊತೆ ಬೆರೆತೇ ಇರುವುದಿಲ್ಲ.

ತಣಿಯುವವರೆಗೆ ಕಾಯಲು ತಾಳ್ಮೆ ಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದರೆ ಒತ್ತಡದಲ್ಲಿದ್ದ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಬಿಸಿ ಬ್ಲಾಕ್‌ಗೆ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು, ಸೀಳಬಹುದು. ಮಧ್ಯಾಹ್ನಕ್ಕೆ ಮುಗಿಸುತ್ತೇನೆಂದು ಕೂರುವ ಕೆಲಸವೇ ಅಲ್ಲ ಇದು. ನಾನು ಶನಿವಾರ ಬೆಳಿಗ್ಗೆ ಶುರುಮಾಡಿ ಭಾನುವಾರಕ್ಕೆ ಬಿಡುತ್ತೇನೆ.

ಈಗ ಮುಖ್ಯವಾದ ಮಾತು. ಅಂಗಡಿಯಲ್ಲಿ ಅರ್ಧ ನೀರು, ಅರ್ಧ ಕೂಲಂಟ್ ಬೆರೆಸಿಟ್ಟ ಡಬ್ಬಿಗಳು ಸಿಗುತ್ತವೆ. ತೊಳೆದ ಎಂಜಿನ್ನಿಗೆ ಅದನ್ನು ಸುರಿಯುವುದು ಸುಲಭ, ಅಪಾಯವಿರುವುದೂ ಅಲ್ಲೇ. ಒಳಗೆ ಆಗಲೇ 3 ಲೀಟರ್ ಶುದ್ಧ ನೀರು ಉಳಿದಿದೆಯಲ್ಲ! ಅದಕ್ಕೆ 3 ಲೀಟರ್ ಬೆರಕೆ ಸೇರಿದರೆ ಕೂಲಂಟಿನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ಶೇಕಡಾ 25ಕ್ಕೆ ಇಳಿಯುತ್ತದೆ. ಆ ಮಿಶ್ರಣ ಮೈನಸ್ 12 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೆಪ್ಪುಗಟ್ಟತೊಡಗುತ್ತದೆ. ಮಿಷಿಗನ್‌ನ ಜನವರಿ ರಾತ್ರಿಗಳು ಅದಕ್ಕಿಂತ ಎಷ್ಟೋ ಕೆಳಗಿಳಿಯುತ್ತವೆ. ಹಿಗ್ಗುವ ಮಂಜುಗಡ್ಡೆಯ ಮುಂದೆ ಎರಕದ ಕಬ್ಬಿಣದ ಬ್ಲಾಕ್ ಕೂಡ ನಿಲ್ಲಲಾರದು. ಹಾಗಾಗಿ ನಾನು ಬೆರಸದ ಕೂಲಂಟನ್ನೇ 3 ಲೀಟರ್ ಅಳೆದು ಮೊದಲು ಹಾಕುತ್ತೇನೆ, ಜಾಗ ಉಳಿದರೆ ಆಮೇಲೆ ಡಿಸ್ಟಿಲ್ಡ್ ವಾಟರ್. ಸಮಪಾಲಿನ ಮಿಶ್ರಣ ಮೈನಸ್ 37ರವರೆಗೆ ಕಾಯುತ್ತದೆ. ಹಾಗೆಂದು ಕೂಲಂಟ್ ಹೆಚ್ಚಾದಷ್ಟೂ ಒಳ್ಳೆಯದಲ್ಲ. ನೀರಿಲ್ಲದ ಶುದ್ಧ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ ಗಟ್ಟಿಯಾಗುತ್ತದೆ, ಶಾಖವನ್ನೂ ನೀರಿನಷ್ಟು ಚೆನ್ನಾಗಿ ಒಯ್ಯುವುದಿಲ್ಲ. ಕೊನೆಗೆ ಮಿಶ್ರಣದ ಪ್ರಮಾಣ ತೋರಿಸುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಿದರೆ ಅಂದಾಜಿನ ಗೊಡವೆಯೇ ಇರುವುದಿಲ್ಲ.

ನಮ್ಮೂರಿನ ಕಡೆ ಹೆಪ್ಪುಗಟ್ಟುವ ಭಯವಿಲ್ಲ, ನಲ್ಲಿ ನೀರೇ ಸಾಕು ಎನ್ನುವವರನ್ನು ಬಹಳ ನೋಡಿದ್ದೇನೆ. ಶಿರಾಡಿ ಘಾಟಿಯಲ್ಲಿ ಅಂಬಾಸಿಡರ್ ನಿಲ್ಲಿಸಿ ಕೊಡದಿಂದ ನೀರು ಹೊಯ್ಯುತ್ತಿದ್ದ ಚಾಲಕರಿಗೆ ಆ ಹೊತ್ತಿನಲ್ಲಿ ಬೇರೆ ದಾರಿಯಿರಲಿಲ್ಲ. ಆದರೆ ಅದೇ ಅಭ್ಯಾಸವಾಗಬಾರದು. ಕೂಲಂಟ್ ಇರುವುದು ಚಳಿಗೆ ಮಾತ್ರವಲ್ಲ. ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ಅಲ್ಯೂಮಿನಿಯಂ ರೇಡಿಯೇಟರ್, ಹೀಗೆ ಬೇರೆಬೇರೆ ಲೋಹಗಳು ಒಂದೇ ನೀರಿನಲ್ಲಿ ಮುಳುಗಿರುವಾಗ ಒಂದು ಇನ್ನೊಂದನ್ನು ತಿನ್ನುತ್ತದೆ. ಅದನ್ನು ತಡೆಯುವ ರಾಸಾಯನಿಕಗಳು ಕೂಲಂಟ್‌ನಲ್ಲಿರುತ್ತವೆ. ವರ್ಷಗಳು ಕಳೆದಂತೆ ಅವು ತೀರಿಹೋಗುತ್ತವೆ, ಬಣ್ಣ ಮಾತ್ರ ಹಾಗೇ ಉಳಿದಿರುತ್ತದೆ. ಬೋರ್‌ವೆಲ್ ನೀರಾದರೆ ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಸುಣ್ಣದ ಪದರದಂತೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಗಸಿ ಕಟ್ಟುತ್ತದೆ.

ಮಾರುಕಟ್ಟೆಯ ಕಟುವಾದ ಕ್ಲೀನರ್‌ಗಳನ್ನು ಹಳೆಯ ಕಾರಿಗೆ ಹಾಕಲು ನನಗೆ ಮನಸ್ಸಿಲ್ಲ. ಎಷ್ಟೋ ಸಲ ಸಣ್ಣ ಸೋರಿಕೆಗೆ ಆ ಗಸಿಯೇ ಬಿರಡೆಯಾಗಿರುತ್ತದೆ. ರೇಡಿಯೇಟರಿನ ಪ್ಲಾಸ್ಟಿಕ್ ಡ್ರೇನ್ ಪ್ಲಗ್ಗನ್ನೂ ಮುಟ್ಟುವುದಿಲ್ಲ. ವಯಸ್ಸಾದ ಪ್ಲಾಸ್ಟಿಕ್ ಪಟ್ಟನೆ ಮುರಿಯುತ್ತದೆ. ಕೆಳಗಿನ ಹೋಸ್ ಕಳಚಿದರೆ ಕೊಳೆಯೂ ದಪ್ಪ ಧಾರೆಯಾಗಿ ಒಟ್ಟಿಗೇ ಬರುತ್ತದೆ.

ಗಾಳಿ ಹೊರಹಾಕುವುದು ಈ ಎಂಜಿನ್ನಿನಲ್ಲಿ ವಿಶೇಷ ಎಚ್ಚರ ಬೇಡುತ್ತದೆ. ಮಾಜ್ದಾದ 323 ಕಾರಿನಲ್ಲಿ ಅಡ್ಡಡ್ಡ ಕೂರುತ್ತಿದ್ದ ಎಂಜಿನ್ ವಂಶವನ್ನೇ ತಿರುಗಿಸಿ ಇಲ್ಲಿ ಉದ್ದಕ್ಕೆ ಕೂರಿಸಿದರು. ಹಾಗಾಗಿ ರೇಡಿಯೇಟರಿಗೆ ಹೋಗುವ, ಬರುವ ಎರಡೂ ದಾರಿಗಳು ಮುಂಭಾಗದಲ್ಲೇ ಇವೆ. ಹಿಂದಿನ ನಾಲ್ಕನೆಯ ಸಿಲಿಂಡರಿನ ಸುತ್ತ ಹರಿವು ಕಡಿಮೆ. ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಹಲವರು ನೀರಿನ ದಾರಿಯನ್ನೇ ಬದಲಿಸಿ ಹೆಡ್‌ನ ಹಿಂಬದಿಯಿಂದ ಹೊರತರುತ್ತಾರೆ. ನನ್ನ ಓಡಾಟಕ್ಕೆ ಅದು ಬೇಕಿಲ್ಲ, ಆದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಲೇಬೇಕು. ಮುಂದಿನ ಚಕ್ರಗಳನ್ನು ರ‍್ಯಾಂಪ್ ಮೇಲೆ ಏರಿಸಿದರೆ ರೇಡಿಯೇಟರಿನ ಬಾಯಿ ಎಲ್ಲಕ್ಕಿಂತ ಎತ್ತರಕ್ಕೆ ಬರುತ್ತದೆ. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಎಂಜಿನ್ ಶುರುಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ಕಾಯುತ್ತೇನೆ. ಎಂಜಿನ್ ಕಾದಿದ್ದರೂ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಒಳಗೆ ಇನ್ನೂ ಗಾಳಿಯಿದೆ ಎಂದೇ ಅರ್ಥ.

ಹಳೆಯ ಕೂಲಂಟ್ ಸಿಹಿಯಾಗಿರುತ್ತದೆ. ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಬೋಗುಣಿಯನ್ನು ಒಂದು ನಿಮಿಷವೂ ತೆರೆದಿಟ್ಟು ಹೋಗುವುದಿಲ್ಲ, ನೆಲಕ್ಕೆ ಚೆಲ್ಲಿದ್ದನ್ನು ಆಗಲೇ ತೊಳೆಯುತ್ತೇನೆ. ಮೊದಲು ಬಂದ ಹಸಿರು ನೀರನ್ನೂ ಆಮೇಲೆ ಬಂದ ತಿಳಿನೀರನ್ನೂ ಒಟ್ಟಿಗೇ ಕ್ಯಾನುಗಳಿಗೆ ತುಂಬಿ, ಹೆಸರು ಬರೆದು, ಅಪಾಯಕಾರಿ ತ್ಯಾಜ್ಯ ಪಡೆಯುವ ಕೇಂದ್ರಕ್ಕೆ ಒಯ್ಯುತ್ತೇನೆ. ಕೆಲವು ದಿನ ಓಡಿಸಿದ ಮೇಲೆ ತಣ್ಣಗಿರುವಾಗ ಮುಚ್ಚಳ ತೆಗೆದು ಮಟ್ಟ ನೋಡಬೇಕು. ರೇಡಿಯೇಟರಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಕಂದುಹಸಿರಿಗೆ ತಿರುಗಿದ್ದರೆ ಅದು ಬಿರುಕು ಬಿಡುವ ಕಾಲ ಹತ್ತಿರವಾಗಿದೆ. ನನ್ನದು ತಿರುಗತೊಡಗಿದೆ, ಹಾಗಾಗಿ ಈ ಬೇಸಿಗೆಯಲ್ಲೇ ಹೊಸ ರೇಡಿಯೇಟರ್ ತರಿಸುತ್ತಿದ್ದೇನೆ.