ಯಾರ ಸೀಮೆಯೋ ಅವರ ದಫ್ತರ

ಹಂಪಿಯ ಬಗ್ಗೆ ಹಳೆಯ ಪುಸ್ತಕವನ್ನೋ, ಈ ಕಡೆಯ ಹಳಬರೊಬ್ಬರ ಜೀವನದ ವಿವರವನ್ನೋ ಹುಡುಕುವವರು ಮೊದಲು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅದು ಸಹಜವೇ, ಆದರೆ ಬಹಳ ಸಲ ದಾರಿ ತಪ್ಪುವುದೂ ಅಲ್ಲೇ. ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ನಿಜಾಮ 1800ರಲ್ಲಿ ಈ ಭಾಗವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ನೂರೈವತ್ತು ವರ್ಷ ಹೊಸಪೇಟೆ, ಕಂಪ್ಲಿ, ಹಂಪಿಗಳ ಕಾಗದವೆಲ್ಲ ಮದ್ರಾಸಿಗೆ ಹೋಗುತ್ತಿತ್ತು.

ಹಂಪಿ ಬಜಾರಿನಲ್ಲಿ ವಿರೂಪಾಕ್ಷನ ಗೋಪುರದ ಮುಂದೆ ನಿಂತು ನೋಡಿ. ಬಡಗಲಿಗೆ ತುಂಗಭದ್ರೆ. ಅದರಾಚೆಯ ಆನೆಗೊಂದಿ ನಿಜಾಮನ ಸೀಮೆಯಲ್ಲಿತ್ತು, ಆ ಕಾಗದ ಹೈದರಾಬಾದಿನಲ್ಲಿ. ತೆಂಕಣ ಬೆಟ್ಟಗಳ ಕಡೆಯ ಸಂಡೂರು ಘೋರ್ಪಡೆಯವರ ಸಂಸ್ಥಾನ, 1949ರಲ್ಲಿ ಮದ್ರಾಸಿನಲ್ಲಿ ವಿಲೀನವಾಯಿತು. ನೀವು ನಿಂತ ನೆಲ ಮಾತ್ರ ಕಂಪನಿಯದು, ಆಮೇಲೆ ಬ್ರಿಟಿಷ್ ಸರ್ಕಾರದ್ದು. ಒಂದು ದಿನದಲ್ಲಿ ಸುತ್ತಿ ಬರುವಷ್ಟು ಜಾಗಕ್ಕೆ ಮೂರು ದಫ್ತರಗಳು. ಆದ್ದರಿಂದ ಹೊಸಬರಿಗೆ ನಾನು ಮೊದಲು ಹೇಳುವುದು ಇಷ್ಟೇ: ಊರಿನ ಹೆಸರಿಗಿಂತ ಮೊದಲು ಇಸವಿ ಬರೆದುಕೊಳ್ಳಿ, ಆ ಇಸವಿಯಲ್ಲಿ ಊರು ಯಾರ ಕೈಯಲ್ಲಿತ್ತು ಎಂದು ಕೇಳಿ. ಎಲ್ಲಿಗೆ ಹೋಗಬೇಕು ಅನ್ನುವುದು ಆಗ ತಾನಾಗಿ ತಿಳಿಯುತ್ತದೆ.

ಪುಸ್ತಕದ ವಿಷಯಕ್ಕೆ ಬರೋಣ. ಬಳ್ಳಾರಿಯಲ್ಲಿ ಅಚ್ಚಾದ ಒಂದು ಸಣ್ಣ ಕನ್ನಡ ಪುಸ್ತಕ ಇತ್ತೆಂದು ಯಾರೋ ಹಿರಿಯರು ಹೇಳಿದ್ದಾರೆ, ಪ್ರತಿ ಮಾತ್ರ ಎಲ್ಲೂ ಸಿಗುತ್ತಿಲ್ಲ ಅನ್ನಿ. ಪ್ರತಿ ಸಿಗದಿದ್ದರೂ ಅದರ ಜಾತಕ ಸಿಗಬಹುದು. 1867ರ ಮುದ್ರಣ ಕಾಯಿದೆಯ ಪ್ರಕಾರ ಅಚ್ಚಾದ ಪ್ರತಿ ಪುಸ್ತಕವನ್ನೂ ಸರ್ಕಾರಕ್ಕೆ ಒಪ್ಪಿಸಬೇಕಿತ್ತು, ಸರ್ಕಾರ ಮೂರು ತಿಂಗಳಿಗೊಮ್ಮೆ ಅವುಗಳ ಪಟ್ಟಿಯನ್ನು ಗೆಜೆಟಿನ ಜೊತೆ ಹೊರಡಿಸುತ್ತಿತ್ತು. ಮದ್ರಾಸ್ ಪ್ರಾಂತದ ಪಟ್ಟಿ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟಿನ ಜೊತೆ ಬರುತ್ತಿತ್ತು. ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ.

ಈ ಪಟ್ಟಿಯ ಕಲಮುಗಳನ್ನು ಒಂದೊಂದಾಗಿ ನೋಡುವುದು ಒಳ್ಳೆಯದು. ಪುಸ್ತಕದ ಹೆಸರು ಮತ್ತು ಅದರ ಇಂಗ್ಲಿಷ್ ಅರ್ಥ, ಭಾಷೆ, ಬರೆದವರು, ವಿಷಯ, ಅಚ್ಚಾದ ಊರು, ಮುದ್ರಕ, ಪ್ರಕಾಶಕ, ಹೊರಬಂದ ತಾರೀಖು, ಪುಟ, ಆಕಾರ, ಎಷ್ಟನೆಯ ಮುದ್ರಣ, ಎಷ್ಟು ಪ್ರತಿ, ಅಚ್ಚುಮೊಳೆಯದೋ ಕಲ್ಲಚ್ಚಿನದೋ, ಬೆಲೆ. ಕೊನೆಯ ಕಲಮು ಹಕ್ಕುದಾರನ ಹೆಸರು ಮತ್ತು ವಾಸಸ್ಥಳ. ಹೊಸಬರು ಇದನ್ನು ಓದದೆ ಪುಟ ತಿರುಗಿಸುತ್ತಾರೆ. ನನಗೆ ಬೆಲೆಯುಳ್ಳದ್ದು ಇದೇ. ಎಲ್ಲೂ ಸುಳಿವಿಲ್ಲದ ಲೇಖಕನೊಬ್ಬ ಆ ವರ್ಷ ಯಾವ ಊರಲ್ಲಿದ್ದ ಎಂಬುದಕ್ಕೆ ಕೆಲವೊಮ್ಮೆ ಈ ಒಂದು ಸಾಲೇ ಆಧಾರ. ಕನ್ನಡದ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಗುಮಾಸ್ತನ ಕಿವಿಗೆ ಕೇಳಿದಂತೆ ಇರುತ್ತವೆ. ಹೊಸಪೇಟೆ ‘ಹಾಸ್ಪೆಟ್’ ಆಗಿರುತ್ತದೆ. ಒಂದೇ ಕಾಗುಣಿತ ನಂಬಿ ಹುಡುಕಬೇಡಿ.

ಇನ್ನು ಕೆಲವು ಪುಸ್ತಕಗಳ ದಾರಿ ಊರಿಂದ ಬಲು ದೂರ ಹೋಗುತ್ತದೆ. ಹಂಪಿ ಬಜಾರಿನ ಬೀದಿಯ ಸಾಲುಮನೆಗಳನ್ನು, ಯಾತ್ರಿಕರು ತಂಗುತ್ತಿದ್ದ ಮೊಗಸಾಲೆಗಳನ್ನು ಬಣ್ಣಿಸಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಗೆ ಬಂದದ್ದು 1520ರ ಸುಮಾರಿಗೆ. ಅವನ ಬರಹ ಪ್ಯಾರಿಸ್ಸಿನ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ ಉಳಿದಿತ್ತು. ಡೇವಿಡ್ ಲೋಪೆಸ್ ಅದನ್ನು ಇನ್ನೊಬ್ಬ ಪೋರ್ಚುಗೀಸನಾದ ನುನಿಜ್‌ನ ವೃತ್ತಾಂತದ ಜೊತೆ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. ಮದ್ರಾಸ್ ಸಿವಿಲ್ ಸರ್ವಿಸಿನ ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದು 1900ರಲ್ಲಿ ತನ್ನ ವಿಜಯನಗರದ ಪುಸ್ತಕದಲ್ಲಿ ಸೇರಿಸಿದ. ಈ ಸರಪಳಿಯೆಲ್ಲ ಸಿವೆಲ್‌ನ ಮುನ್ನುಡಿಯಲ್ಲೇ ಇದೆ. ಮುನ್ನುಡಿ ಬಿಟ್ಟು ಓದುವ ಅಭ್ಯಾಸ ಇದ್ದರೆ ಇಂದೇ ಕೈಬಿಡಿ.

ವ್ಯಕ್ತಿಗಳನ್ನು ಹುಡುಕುವುದು ಇನ್ನೂ ನಿಧಾನದ ಕೆಲಸ. 1856ರಲ್ಲಿ ಹಂಪಿಯ ಫೋಟೋ ತೆಗೆದ ಅಲೆಕ್ಸಾಂಡರ್ ಗ್ರೀನ್‌ಲಾನನ್ನೇ ತೆಗೆದುಕೊಳ್ಳಿ. ಮೇಣ ಸವರಿದ ಕಾಗದದ ಮೇಲಿನ ಅವನ ನೆಗೆಟಿವ್‌ಗಳು ಜನರ ಕಣ್ಣಿಗೆ ಬಿದ್ದದ್ದು 1980ರ ಸುಮಾರಿಗೆ. ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಆಮೇಲೆ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಚಿತ್ರ ಸಿಕ್ಕಿತು, ಮನುಷ್ಯ? ಅವನು ಮದ್ರಾಸ್ ಸೈನ್ಯದವನು. ಅಂಥವರ ಕಾಗದ ಮದ್ರಾಸಿನ ಜೊತೆಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಇರುತ್ತದೆ: ಸೈನ್ಯಕ್ಕೆ ಸೇರುವಾಗಿನ ಅರ್ಜಿ, ವರ್ಷವರ್ಷದ ಅಧಿಕಾರಿಗಳ ಪಟ್ಟಿ, ಚರ್ಚಿನ ಮದುವೆ-ಮರಣದ ದಾಖಲೆ. ಪುಸ್ತಕಗಳು ಅವನನ್ನು ‘ಕರ್ನಲ್’ ಅನ್ನುತ್ತವೆ. ಹಾಗೆ ಕರೆಯುವುದು ಸಾಮಾನ್ಯವಾಗಿ ಕೊನೆಗೆ ಸಿಕ್ಕ ಹುದ್ದೆಯಿಂದ. ಫೋಟೋ ತೆಗೆದ ವರ್ಷದ ಹುದ್ದೆ ಬೇಕಾದರೆ ಆ ವರ್ಷದ ಪಟ್ಟಿಯನ್ನೇ ನೋಡಬೇಕು.

ನಮ್ಮವರ ವಿಷಯಕ್ಕೆ ಬಂದರೆ ಸೈನ್ಯದ ಪಟ್ಟಿ ಕೆಲಸಕ್ಕೆ ಬಾರದು, ಇನಾಮಿನ ರಿಜಿಸ್ಟರು ಬೇಕು. ಮದ್ರಾಸ್ ಪ್ರಾಂತದಲ್ಲಿ 1858ರಿಂದ ಇನಾಂ ಕಮಿಷನ್ ಊರೂರಿನ ಮಾನ್ಯದ ಹೊಲಗಳನ್ನು ವಿಚಾರಣೆ ಮಾಡಿತು. ದೇವಸ್ಥಾನದ ಅರ್ಚಕರು, ಓಲಗದವರು, ಶಾನುಭೋಗರು ಯಾರೇ ಆಗಲಿ, ಹೊಲ ಯಾರು ಕೊಟ್ಟದ್ದು, ಈಗ ಯಾರ ಅನುಭವದಲ್ಲಿದೆ, ಅವರಿಗೂ ಮೊದಲು ಪಡೆದವರಿಗೂ ಏನು ನೆಂಟು ಎಂದು ಬರೆಸಿಕೊಂಡರು. ಅಲ್ಲಿ ಕಾಣುವ ಫಸಲಿ ವರ್ಷಕ್ಕೆ, ಅಂದರೆ ಕಂದಾಯದ ಲೆಕ್ಕದ ವರ್ಷಕ್ಕೆ, ಹೆದರಬೇಡಿ, 590 ಕೂಡಿಸಿ. ಫಸಲಿ 1270 ಅಂದರೆ 1860ರ ಜುಲೈನಿಂದ ಮರುವರ್ಷದ ಜೂನ್‌ವರೆಗೆ.

ದಾಖಲೆ ಸಿಕ್ಕ ಕೂಡಲೇ ಒಪ್ಪಬೇಡಿ, ಕಲ್ಲಿನ ಮೇಲಿದ್ದರೂ ಸರಿ. ವಿರೂಪಾಕ್ಷ ದೇವಸ್ಥಾನದೊಳಗೆ ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಸಂದರ್ಭದ ದಾನಗಳನ್ನು ಹೇಳುವ ಶಾಸನವಿದೆ. ಕಾಲ ಶಕ 1430 ಸಂದ, ಶುಕ್ಲ ಸಂವತ್ಸರ, ಮಾಘ ಶುದ್ಧ ಚತುರ್ದಶಿ. ಆದರೆ ಶುಕ್ಲ ಸಂವತ್ಸರ ಬರುವುದು ಶಕ 1431 ಸಂದ ಮೇಲೆ. ಅಂಕಿಯನ್ನು ನಂಬಿದರೆ 1509ರ ಜನವರಿ, ಸಂವತ್ಸರವನ್ನು ನಂಬಿದರೆ 1510ರ ಜನವರಿ. ಸಿವೆಲ್ ಎರಡನ್ನೂ ಲೆಕ್ಕ ಹಾಕಿ ಓದುಗರ ಮುಂದಿಟ್ಟಿದ್ದಾನೆ. ಶಂಕರ ಬಾಲಕೃಷ್ಣ ದೀಕ್ಷಿತರ ಜೊತೆ ಸೇರಿ ಭಾರತದ ಪಂಚಾಂಗಗಳ ಮೇಲೆ 1896ರಲ್ಲಿ ಪುಸ್ತಕ ತಂದವನಿಗೆ ಈ ಲೆಕ್ಕ ಕಷ್ಟದ್ದಲ್ಲ. ನಾನು ಸಂವತ್ಸರದ ಕಡೆಯವನು. ದಿನವೂ ಸಂಕಲ್ಪದಲ್ಲಿ ಬಾಯಿಗೆ ಬರುವ ಹೆಸರು ತಪ್ಪುವುದಕ್ಕಿಂತ ಅಂಕಿ ತಪ್ಪುವುದು ಸುಲಭ. ನೀವು 1509 ಎಂದೇ ಬರೆಯುವುದಾದರೂ ತಕರಾರಿಲ್ಲ, ಪಕ್ಕದಲ್ಲಿ ಕಾರಣ ಬರೆದಿರಿ.