ಡ್ರೈಯರಿನಿಂದ ಅರಿವಿಗೆ ಕಲೆ ಬಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಎರಡು ತೊಟ್ಟಿಯ ವಾಷಿಂಗ್ ಮಷಿನ್ ಬಳಸುವ ಎಲ್ಲರಿಗೂ ಈ ಸೂಚನೆ. ನಮ್ಮ ಕಡೆ ಡ್ರೈಯರ್ ಅಂದರೆ ಪಕ್ಕದ ಸಣ್ಣ ತೊಟ್ಟಿ, ಗಿರಗಿರ ತಿರುಗಿ ಅರಿವಿ ಹಿಂಡುವಂಥದ್ದು. ಬಿಸಿಗಾಳಿಯ ಡ್ರೈಯರ್ ಇಲ್ಲಿ ಅಪರೂಪ. ಬಿಸಿಲು ಬಿಟ್ಟಿ ಸಿಗುವ ಊರಿಗೆ ಅದು ಬೇಕಾಗಿಯೂ ಇಲ್ಲ.

ಮೊದಲು ಮಾಡಬೇಕಾದ್ದು: ಕಲೆ ಯಂತ್ರದ್ದೋ, ನೀರಿನದ್ದೋ, ಕಿಸೆಯದ್ದೋ ಎಂದು ಪತ್ತೆ ಹಚ್ಚಿ. ಹಳೆಯ ಬಿಳಿ ಧೋತರದ ತುಂಡನ್ನು ಒಳ್ಳೆಯ ನೀರಿನಲ್ಲಿ ತೋಯಿಸಿ, ಬೇರೇನೂ ಹಾಕದೆ, ಅದೊಂದನ್ನೇ ಡ್ರೈಯರಿನಲ್ಲಿ ತಿರುಗಿಸಿ. ಕಲೆ ಮೂಡಿದರೆ ತಪ್ಪು ಯಂತ್ರದ್ದು. ಮೂಡದಿದ್ದರೆ ಬೋರಿನ ನೀರನ್ನು ಬಿಳಿ ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಗಾಗುವಷ್ಟರಲ್ಲಿ ತಳದಲ್ಲಿ ಕಂದು ಗಸಿ ಕೂತಿದ್ದರೆ ನೀರಿನಲ್ಲಿ ಕಬ್ಬಿಣವಿದೆ. ಎರಡೂ ಸ್ವಚ್ಛವೆಂದಾದರೆ ಮನೆಯವರ ಕಿಸೆ ತಡಕಿ. ಪಿನ್ನು, ಮೊಳೆ, ತಂಬಾಕಿನ ಚೀಟಿ, ಸುಣ್ಣದ ತಗಡಿನ ಡಬ್ಬಿ ಇವೆಲ್ಲ ಅಲ್ಲಿಂದಲೇ ತೊಟ್ಟಿಗೆ ಇಳಿಯುತ್ತವೆ. ಈ ಪರೀಕ್ಷೆ ಮಾಡದೆ ಮೆಕ್ಯಾನಿಕ್ಕನನ್ನು ಕರೆಯಬೇಡಿ. ಬಂದವನು ಏನಾದರೊಂದು ಬಿಚ್ಚದೆ ಹೋಗುವುದಿಲ್ಲ.

ಕಪ್ಪು ಜಿಡ್ಡಿನ ಗೀರು, ಅದೂ ತೊಟ್ಟಿಯ ತಳದಲ್ಲಿದ್ದ ಅರಿವಿಗೆ ಮಾತ್ರ ಬಿದ್ದಿದ್ದರೆ, ನಡುಗಂಬದ ಸುತ್ತಲಿನ ರಬ್ಬರ್ ಸೀಲು ಹರಿದಿರುವ ಸಂಭವ ಹೆಚ್ಚು. ಸೀಲು ಹರಿದರೆ ನೀರು ಕೆಳಗಿಳಿದು ಕಂಬಕ್ಕೆ ಜಂಗು ಹಿಡಿಯುತ್ತದೆ, ಗಿರೀಸು ಮೇಲೆ ಬರುತ್ತದೆ. ಸೀಲು ಬದಲಿಸಲೇಬೇಕು. ಕಂಬದಲ್ಲಿ ಸವೆದ ಗೆರೆ ಕಂಡರೆ ಕಂಬವನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ಸೀಲನ್ನೂ ಅದು ಬೇಗನೆ ತಿಂದುಹಾಕುತ್ತದೆ. ಸೀಲಿನ ಮೇಲೆ ಎಣ್ಣೆ ಸುರಿದು ಕೆಲಸ ಸಾಗಿಸಬೇಡಿ. ಬಿದ್ದ ಕಲೆಗೆ ಒಣಗಿದ್ದಾಗಲೇ ಪಾತ್ರೆ ತೊಳೆಯುವ ಸೋಪು ತಿಕ್ಕಿ, ಆಮೇಲೆ ನೀರು ಹಾಕಿ.

ಕಪ್ಪು ಪೊರೆಯ ಚೂರುಗಳು ಅಂಟಿದ್ದರೆ ಅದು ಬೂಷ್ಟು. ಸವಳು ನೀರಿನಲ್ಲಿ ಸೋಪು ಕರಗದೆ ಕೆನೆಗಟ್ಟಿ, ಒಳತೊಟ್ಟಿ ಹೊರತೊಟ್ಟಿಗಳ ನಡುವೆ ಕೂರುತ್ತದೆ, ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಬಿಸಿನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿ ಸುರಿದು, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಮುಚ್ಚಳ ತೆರೆದಿಡಿ.

ಕಂದು ಚುಕ್ಕೆ ಜಂಗಿನದ್ದು. ಇದಕ್ಕೆ ಬ್ಲೀಚಿಂಗ್ ಪುಡಿ ಹಾಕಲೇಬಾರದು. ಬ್ಲೀಚು ಜಂಗನ್ನು ಕರಗಿಸುವುದಿಲ್ಲ, ಇನ್ನೂ ಗಟ್ಟಿಯಾಗಿ ಕೂರಿಸುತ್ತದೆ. ನಿಂಬೆರಸಕ್ಕೆ ಉಪ್ಪು ಬೆರೆಸಿ ಕಲೆಯ ಮೇಲೆ ಹಚ್ಚಿ, ಬಿಸಿಲಿಗಿಟ್ಟು ತೊಳೆಯಿರಿ. ನಿಂಬೆಯನ್ನೂ ಬ್ಲೀಚನ್ನೂ ಒಟ್ಟಿಗೆ ಎಂದಿಗೂ ಬೆರೆಸಕೂಡದು. ಅದರಿಂದ ಏಳುವ ಕ್ಲೋರಿನ್ ಅನಿಲ ಉಸಿರು ಕಟ್ಟಿಸುತ್ತದೆ.

ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವವರ ಮನೆಗಳಿಗೆ ಬೇರೆಯೇ ಎಚ್ಚರಿಕೆ ಬೇಕು. ಆ ತೊಗಲು ಹದವಾಗುವುದು ಜಾಲಿ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ. ಒಗರಿಗೆ ಜಂಗು ಸೇರಿದರೆ ಶಾಯಿಯಂಥ ನೀಲಿಗಪ್ಪು. ಹಿಂದಿನವರು ಅಳಲೆಕಾಯಿ, ಕಬ್ಬಿಣ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ. ತೊಗಲ ಕೆಲಸದ ಅಂಗಿಯನ್ನು ಜಂಗು ಹಿಡಿದ ತೊಟ್ಟಿಗೆ ಹಾಕಿ, ಕಲೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಇಲ್ಲಿಯೂ ಮೊದಲು ನಿಂಬೆ, ಆಮೇಲೆ ಸೋಪು. ಸೋಪು ಮೊದಲು ತಾಗಿದರೆ ಒಗರು ಇನ್ನಷ್ಟು ಕಪ್ಪಾಗುತ್ತದೆ. ತಂಬಾಕು ವಿಂಗಡಿಸುವವರ, ಬೀಡಿ ಕಟ್ಟುವವರ ಅರಿವಿಯನ್ನೂ ತಣ್ಣೀರಿನಲ್ಲಿ ಬೇರೆಯಾಗಿ ನೆನೆಸಿ, ಬೇರೆಯಾಗಿಯೇ ಹಿಂಡಿ.

ಇನ್ನು ಡ್ರೈಯರಿನ ತಪ್ಪೇ ಇಲ್ಲದೆ ಅದರ ಮೇಲೆ ಬರುವ ಅಪವಾದ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಿ ಬಂದವರ ಅಂಗಿ, ರುಮಾಲು, ಸೀರೆಯೆಲ್ಲ ಭಂಡಾರಮಯ. ಭಂಡಾರವೆಂದರೆ ಅರಿಷಿಣ; ಅದಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಎಲ್ಲರಿಗೂ ಗೊತ್ತು. ಸೋಪಿನ ಪುಡಿಯೂ ಅದನ್ನೇ ಮಾಡುತ್ತದೆ. ಕೆಂಪು ಕಲೆ ಕಂಡ ಕೂಡಲೇ ಯಂತ್ರಕ್ಕೆ ಜಂಗು ಹಿಡಿಯಿತೆಂದು ಬಿಚ್ಚಲು ಕೂರಬೇಡಿ. ಒಂದು ಹನಿ ನಿಂಬೆರಸ ಬಿಡಿ: ಹಳದಿಗೆ ತಿರುಗಿದರೆ ಅದು ಭಂಡಾರವೇ. ಅದನ್ನು ತೆಗೆಯುವ ಕೆಲಸ ಬಿಸಿಲಿನದ್ದು. ಜಾತ್ರೆಯ ಅರಿವಿಯನ್ನು ಮೊದಲು ಒಣಗಿದ್ದಾಗಲೇ ಕೊಡವಿ, ಬೇರೆಯಾಗಿ ಒಗೆದು, ಬಿಸಿಲಿನಲ್ಲಿ ಹರವಿ. ಬಿಳಿ ಅಂಗಿಯ ಜೊತೆ ತೊಟ್ಟಿಗೆ ತುರುಕಬೇಡಿ. ಕಬ್ಬಿನ ಹಂಗಾಮಿನಲ್ಲಿ ಕಾರಖಾನಿಯ ಹತ್ತಿರದವರು ತಂತಿಯ ಮೇಲಿನ ಅರಿವಿಗೆ ಮಸಿ ಬಿದ್ದಿದ್ದರೆ ಕೈಯಿಂದ ಒರೆಸದೆ ಊದಿ ಕೊಡವಿ. ಒರೆಸಿದರೆ ಮಸಿ ನೂಲಿನೊಳಗೆ ಹೋಗುತ್ತದೆ.

ಕೌದಿಯನ್ನು ಡ್ರೈಯರಿಗೆ ಹಾಕಬಾರದು. ನೀರು ಕುಡಿದ ಕೌದಿ ಒಂದು ಕಡೆ ವಾಲಿ, ಒಳತೊಟ್ಟಿ ಹೊರತೊಟ್ಟಿಗೆ ಉಜ್ಜುತ್ತದೆ. ಆಮೇಲೆ ಹಿಂಡುವ ಅರಿವಿಗೆಲ್ಲ ಬೂದು ಗೀರುಗಳು. ಅಜ್ಜಿ ಹೊಲಿದ ಕೌದಿಯಾದರೆ ಹೊಲಿಗೆಯೂ ಹೋದೀತು.

ನೆರೆ ಬರುವ ಊರುಗಳಿಗೆ ಕಟ್ಟುನಿಟ್ಟಿನ ಮಾತು. 2005, 2019, 2021ರಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಬಂದದ್ದನ್ನು ನದಿದಂಡೆಯವರಿಗೆ ಹೇಳಬೇಕಾಗಿಲ್ಲ. ನೀರಿನಲ್ಲಿ ನಿಂತ ಯಂತ್ರ ಮೇಲೆ ಒಣಗಿ ಕಂಡರೂ ಪ್ಲಗ್ ಹಾಕಬೇಡಿ. ಮೋಟಾರಿನಲ್ಲಿ, ಬುಷ್ಷಿನಲ್ಲಿ ರಾಡಿ ಕೂತಿರುತ್ತದೆ. ಶಾಕ್ ಹೊಡೆಯುವ ಅಪಾಯ ಮೊದಲನೆಯದು, ಅರಿವಿಗೆ ಮಣ್ಣಿನ ಕಲೆ ಆಮೇಲಿನದು. ಮೆಕ್ಯಾನಿಕ್ ಬಿಚ್ಚಿ, ತೊಳೆದು, ಅರ್ಥಿಂಗ್ ನೋಡಿದ ಮೇಲೆಯೇ ಚಾಲೂ ಮಾಡಿ.

ರಿಪೇರಿಗೆ ಮುಂಚೆ ಪ್ಲಗ್ ತೆಗೆಯಿರಿ, ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ, ಮುಟ್ಟಬೇಡಿ. ತೊಟ್ಟಿ ಪೂರ್ತಿ ನಿಲ್ಲುವವರೆಗೆ ಕೈ ಇಡಬಾರದು. ಮುಚ್ಚಳ ಎತ್ತಿದರೂ ತಿರುಗುತ್ತಿದ್ದರೆ ಬ್ರೇಕು ಕೆಟ್ಟಿದೆ. ಮುಚ್ಚಳದ ಸ್ವಿಚ್ಚಿಗೆ ತಂತಿ ಜೋಡಿಸಿ ಕೆಲಸ ಸಾಗಿಸಿಕೊಡುತ್ತೇನೆ ಎನ್ನುವ ಮೆಕ್ಯಾನಿಕ್ಕನನ್ನು ಬಾಗಿಲಲ್ಲೇ ವಾಪಸು ಕಳಿಸಿ.

ಗಿರೀಸಿನ ಕಲೆಗೆ ಸೀಮೆಎಣ್ಣೆ, ಪೆಟ್ರೋಲ್ ತಿಕ್ಕಿದ ಅರಿವಿ ಡ್ರೈಯರಿನ ಹತ್ತಿರವೂ ಬರಕೂಡದು. ಸ್ವಿಚ್ಚಿನ ಒಂದು ಕಿಡಿ ಸಾಕು, ಆವಿ ಹೊತ್ತಿಕೊಳ್ಳುತ್ತದೆ. ದ್ರಾಕ್ಷಿ ತೋಟದಲ್ಲಿ, ಕಬ್ಬಿನ ಗದ್ದೆಯಲ್ಲಿ ಔಷಧಿ ಹೊಡೆದು ಬಂದವರ ಅಂಗಿಯನ್ನೂ ಮನೆಯವರ ಅರಿವಿಯ ಜೊತೆ ಹಾಕಬಾರದು. ಅದಕ್ಕೆ ಬೇರೆ ಬಕೆಟ್ಟು, ಕೈಗವಸು, ಎರಡು ಸಲ ಸೋಪುನೀರು, ಮಕ್ಕಳ ಅರಿವಿ ಇಲ್ಲದ ಬೇರೆ ತಂತಿ.